ವಿದೇಶದಲ್ಲಿ ಎಂಎಸ್: ಯೂನಿವರ್ಸಿಟಿ ಪಟ್ಟಿ ಹೇಗೆ ಮಾಡಿಕೊಂಡಿರಿ?

ಪ್ರಶ್ನೆ: ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದೇನೆ, ವಿಷಯ ಪರಿಸರ ಎಂಜಿನಿಯರಿಂಗ್. ಎಂಎಸ್‌ಗೆ ಹೊರದೇಶಕ್ಕೆ ಹೋಗುವ ಆಸೆ. ಜರ್ಮನಿ, ಅಮೆರಿಕ, ಬ್ರಿಟನ್ ಮೂರೂ ತಲೆಯಲ್ಲಿವೆ. ರ‍್ಯಾಂಕಿಂಗ್ ನೋಡಿ ಒಂದಷ್ಟು ಹೆಸರು ಬರೆದುಕೊಂಡೆ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಗೊತ್ತಾಗುತ್ತಿಲ್ಲ. ಅರ್ಜಿ ಹಾಕಿದ ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ (ಜರ್ಮನಿಯಲ್ಲಿ ಓದುತ್ತಿದ್ದೇನೆ):
ರ‍್ಯಾಂಕಿಂಗ್ ಪಟ್ಟಿ ಸ್ವಲ್ಪ ಪಕ್ಕಕ್ಕಿಡಿ. ಉದಾಹರಣೆಗೆ, ಜಗತ್ತಿನ ಯೂನಿವರ್ಸಿಟಿಗಳಿಗೆ ಸ್ಥಾನ ಕೊಡುವ ಕ್ಯೂಎಸ್ ಪಟ್ಟಿಯನ್ನೇ ತೆಗೆದುಕೊಳ್ಳಿ. ಅದರ ಅಂಕಗಳಲ್ಲಿ ಶೇ 30 ಪ್ರಾಧ್ಯಾಪಕರ ಅಭಿಪ್ರಾಯಕ್ಕೆ, ಶೇ 15 ಕೆಲಸ ಕೊಡುವವರ ಅಭಿಪ್ರಾಯಕ್ಕೆ. ಹತ್ತಿರ ಹತ್ತಿರ ಅರ್ಧ ಅಂಕ ಬರೀ ಹೆಸರಿಗೇ ಹೋಯಿತು, ಅದೂ ಇಡೀ ಯೂನಿವರ್ಸಿಟಿಯ ಹೆಸರಿಗೆ. ನಿಮಗೆ ನೀರಿನ ಶುದ್ಧೀಕರಣ ಯಾರು ಕಲಿಸುತ್ತಾರೆ ಅನ್ನುವುದು ಅಲ್ಲಿ ಎಲ್ಲೂ ಸಿಗುವುದಿಲ್ಲ.

ಅದು ಸಿಗುವುದು ಮಾಡ್ಯೂಲ್ ಹ್ಯಾಂಡ್‌ಬುಕ್‌ನಲ್ಲಿ. ಇಲ್ಲಿನ ಯೂನಿವರ್ಸಿಟಿಗಳು ಸಾಮಾನ್ಯವಾಗಿ ಅದನ್ನು ಕೋರ್ಸ್ ಪುಟದಲ್ಲೇ ಹಾಕಿರುತ್ತವೆ. ಯಾವ ಸೆಮಿಸ್ಟರ್‌ಗೆ ಯಾವ ಪಾಠ, ಎಷ್ಟು ಕ್ರೆಡಿಟ್, ಪರೀಕ್ಷೆ ಬರೆಯುವುದೋ ಮೌಖಿಕವೋ, ಪಾಠ ಯಾವ ಭಾಷೆಯಲ್ಲಿ, ಎಲ್ಲ ಇರುತ್ತದೆ. ಎರಡು ಕೋರ್ಸ್‌ಗಳ ಹೆಸರು ಒಂದೇ ಇರುತ್ತದೆ, ಒಳಗೆ ನೋಡಿದರೆ ಒಂದರಲ್ಲಿ ಪೂರ್ತಿ ಕಂಪ್ಯೂಟರ್ ಮಾಡೆಲಿಂಗ್, ಇನ್ನೊಂದರಲ್ಲಿ ಲ್ಯಾಬ್ ಕೆಲಸ. ನನ್ನ ಪಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಸರು ಈ ಓದಿನಲ್ಲೇ ಉದುರಿದವು. ಇಂಗ್ಲಿಷ್‌ನಲ್ಲಿ ನಡೆಯುವ ಕೋರ್ಸ್‌ಗಳನ್ನು ವಿದ್ಯಾರ್ಥಿ ವಿನಿಮಯ ನೋಡಿಕೊಳ್ಳುವ ಜರ್ಮನ್ ಸಂಸ್ಥೆ ಡಿಎಎಡಿಯ ಡೇಟಾಬೇಸ್‌ನಲ್ಲಿ ಹುಡುಕಿ, ಉಚಿತ.

ಆಮೇಲೆ ಅಂಕದ ಲೆಕ್ಕ. ಇಲ್ಲಿ 1 ಅತ್ಯುತ್ತಮ, 4 ಪಾಸ್. ನಿಮ್ಮ ಗರಿಷ್ಠ ಅಂಕದಿಂದ ನಿಮಗೆ ಬಂದ ಅಂಕ ಕಳೆಯಿರಿ. ಅದನ್ನು ಗರಿಷ್ಠ ಮತ್ತು ಪಾಸ್ ಅಂಕದ ನಡುವಿನ ವ್ಯತ್ಯಾಸದಿಂದ ಭಾಗಿಸಿ, 3ರಿಂದ ಗುಣಿಸಿ, 1 ಸೇರಿಸಿ. ಗರಿಷ್ಠ 10, ಪಾಸ್ 4, ನಿಮ್ಮದು 8 ಇದ್ದರೆ 2.0 ಬರುತ್ತದೆ. ಕೋರ್ಸ್ 2.5 ಕೇಳಿದರೆ ನೀವು ಅರ್ಜಿಗೆ ಅರ್ಹರು, 1.8 ಕೇಳಿದರೆ ಆ ಅರ್ಜಿಯ ದುಡ್ಡು ಉಳಿಸಿ. ಅನೇಕ ಯೂನಿವರ್ಸಿಟಿಗಳ ಪರವಾಗಿ ಹೊರದೇಶದವರ ಅರ್ಜಿ ಪರಿಶೀಲಿಸುವ ಯುನಿ-ಅಸಿಸ್ಟ್ ಸಂಸ್ಥೆಯ ಮೂಲಕ ಹೋಗುವ ಅರ್ಜಿಗಳಿಗೆ ಮೊದಲನೆಯದಕ್ಕೆ 75 ಯೂರೋ, ನಂತರ ತಲಾ 30. ಅವರು ಕಾಗದ ಪರಿಶೀಲಿಸುವುದಕ್ಕೆ ನಾಲ್ಕರಿಂದ ಆರು ವಾರ ಬೇಕು, ಕೊನೇ ದಿನ ಕಳಿಸಿದರೆ ತಿದ್ದಿಕೊಳ್ಳಲು ಸಮಯವೇ ಇರುವುದಿಲ್ಲ.

ಇನ್ನೊಂದು ಮಾತು. ‘ಜರ್ಮನಿಯಲ್ಲಿ ಫೀಸೇ ಇಲ್ಲ’ ಅನ್ನುವುದನ್ನು ಪೂರ್ತಿ ನಂಬಬೇಡಿ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯೂರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಇದೆ. ಮ್ಯೂನಿಕ್ ತಾಂತ್ರಿಕ ಯೂನಿವರ್ಸಿಟಿಯೂ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಫೀಸ್ ಶುರು ಮಾಡಿದೆ. ವೀಸಾಗೆ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕು. ಬಂದ ಮೇಲೆ ತಿಂಗಳಿಗೆ 992 ಮಾತ್ರ ಕೈಗೆ ಸಿಗುತ್ತದೆ.

ಉತ್ತರ (ಅಮೆರಿಕದಲ್ಲಿ ಎಂಎಸ್ ಮುಗಿಸಿದೆ):
ಮೇಲಿನವರು ಕೋರ್ಸ್ ಬಗ್ಗೆ ಹೇಳಿದ್ದಾರೆ, ನಾನು ಕಾಗದದ ಬಗ್ಗೆ ಹೇಳುತ್ತೇನೆ. ಎಸ್‌ಒಪಿ, ಅಂದರೆ ಈ ಕೋರ್ಸ್ ಯಾಕೆ ಬೇಕು ಅಂತ ನೀವು ಬರೆಯುವ ಪತ್ರ, ನಿಮ್ಮ ಕೈಯಲ್ಲಿದೆ, ರಾತ್ರಿ ಕೂತಾದರೂ ಬರೆಯಬಹುದು. ಟ್ರಾನ್ಸ್‌ಕ್ರಿಪ್ಟ್, ಶಿಫಾರಸು ಪತ್ರ ಬೇರೆಯವರ ಕೈಯಲ್ಲಿವೆ. ಹಾಗಾಗಿ ಅವನ್ನೇ ಮೊದಲು ಹಿಡಿಯಿರಿ. ಪ್ರಾಧ್ಯಾಪಕರನ್ನು ಕೇಳುವಾಗ ಸುಮ್ನೆ ‘ಸರ್, ಒಂದು ಲೆಟರ್ ಬೇಕು’ ಅನ್ನಬೇಡಿ. ಅವರ ಹತ್ತಿರ ನೀವು ಮಾಡಿದ ಪ್ರಾಜೆಕ್ಟ್, ಅದರಲ್ಲಿ ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಹೇಗೆ ಬಿಡಿಸಿದಿರಿ ಅಂತ ಅರ್ಧ ಪುಟ ಬರೆದು ಕೊಡಿ. ಡೆಡ್‌ಲೈನ್‌ಗಳ ಪಟ್ಟಿಯನ್ನೂ ಜೊತೆಗೆ ಕೊಡಿ. ಅವರಿಗೆ ಸಂಸ್ಥೆಯ ಇಮೇಲ್ ಇದ್ದರೆ ಅದನ್ನೇ ಹಾಕಿ, ಜಿಮೇಲ್ ವಿಳಾಸವನ್ನು ಕೆಲವು ಕಡೆ ಅನುಮಾನದಿಂದ ನೋಡುತ್ತಾರೆ.

ಪಾಸ್‌ಪೋರ್ಟ್‌ನಲ್ಲಿರುವ ಹೆಸರು, ಅಂಕಪಟ್ಟಿಯಲ್ಲಿರುವ ಹೆಸರು, ಪರೀಕ್ಷೆಗೆ ನೋಂದಾಯಿಸಿದ ಹೆಸರು ಒಂದೇ ಇದೆಯಾ ಈಗಲೇ ನೋಡಿ. ಬೇಸರದ ಕೆಲಸ, ಆದರೆ ಆಮೇಲೆ ಸರಿಮಾಡಿಸುವುದು ಇನ್ನೂ ಬೇಸರ.

ಮಾಸ್ಟರ್ಸ್ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಯ ಅಂಕ ಐದು ವರ್ಷ ನಡೆಯುತ್ತದೆ, ಇಂಗ್ಲಿಷ್ ಪರೀಕ್ಷೆಗಳಾದ ಟೋಫೆಲ್, ಐಇಎಲ್‌ಟಿಎಸ್ ಎರಡೇ ವರ್ಷ. ಅನೇಕ ವಿಭಾಗಗಳು ಈಗ ಜಿಆರ್‌ಇ ಕೇಳುವುದೇ ಇಲ್ಲ, ಪುಟ ನೋಡಿಯೇ ದುಡ್ಡು ಕಟ್ಟಿ. ಫಂಡಿಂಗ್ ಸಮೇತ ಆಫರ್ ಬಂದರೆ ಗಾಬರಿಯಲ್ಲಿ ಒಪ್ಪಬೇಡಿ. ಯೂನಿವರ್ಸಿಟಿಗಳ ಸಂಘಟನೆಯಾದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್‌ನ ಒಪ್ಪಂದಕ್ಕೆ ಸಹಿ ಹಾಕಿರುವ ಯೂನಿವರ್ಸಿಟಿಗಳು ಏಪ್ರಿಲ್ 15ಕ್ಕಿಂತ ಮೊದಲೇ ಉತ್ತರ ಕೊಡಿ ಅಂತ ಒತ್ತಾಯಿಸುವಂತಿಲ್ಲ.

ಉತ್ತರ (ಬ್ರಿಟನ್‌ನಲ್ಲಿದ್ದೇನೆ):
ರ‍್ಯಾಂಕಿಂಗ್ ಬೇಡವೇ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬ್ರಿಟನ್ನಿನ ಹೈ ಪೊಟೆನ್ಶಿಯಲ್ ಇಂಡಿವಿಜುವಲ್ ವೀಸಾ ನಿಂತಿರುವುದೇ ಅದರ ಮೇಲೆ. ಸರ್ಕಾರ ಹೊರದೇಶದ ಯೂನಿವರ್ಸಿಟಿಗಳ ಪಟ್ಟಿ ಪ್ರಕಟಿಸುತ್ತದೆ. ಅಲ್ಲಿ ಓದಿದವರು ಡಿಗ್ರಿ ಸಿಕ್ಕ ಐದು ವರ್ಷದೊಳಗೆ ಕೆಲಸದ ಆಫರ್ ಇಲ್ಲದೆಯೂ ಅರ್ಜಿ ಹಾಕಬಹುದು. ಅಮೆರಿಕದಲ್ಲಿ ಓದಿ ಮುಂದೆ ಈ ಕಡೆ ಬರುವ ಯೋಚನೆ ಇದ್ದರೆ ಇದು ಲೆಕ್ಕಕ್ಕೆ ಬರುತ್ತದೆ. ಕೆಲವು ಸ್ಕಾಲರ್‌ಶಿಪ್‌ಗಳೂ ರ‍್ಯಾಂಕ್ ನೋಡುತ್ತವೆ.

ಇಲ್ಲಿ ಮಾಸ್ಟರ್ಸ್ ಹೆಚ್ಚಾಗಿ ಒಂದೇ ವರ್ಷ. ಖರ್ಚು ಕಡಿಮೆ ಅನ್ನಿಸುತ್ತದೆ, ಆದರೆ ಬಂದು ಕೂತುಕೊಳ್ಳುವಷ್ಟರಲ್ಲಿ ಕೆಲಸ ಹುಡುಕುವ ಸಮಯ ಬಂದಿರುತ್ತದೆ. ಓದಿದ ಮೇಲೆ ಉಳಿಯಲು ಕೊಡುವ ಗ್ರಾಜುಯೇಟ್ ವೀಸಾ ಎರಡು ವರ್ಷ ಇತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವ ಮಾಸ್ಟರ್ಸ್‌ನವರಿಗೆ 18 ತಿಂಗಳು. ವೀಸಾಗೆ ಹಣ ತೋರಿಸಬೇಕಾದವರ ಖಾತೆಯಲ್ಲಿ ಅದು ಸತತ 28 ದಿನ ಇರಬೇಕು, ಮಧ್ಯೆ ಒಂದು ದಿನ ಕಡಿಮೆಯಾದರೂ ತೊಂದರೆ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಇನ್ನೆರಡು ಸಂದೇಹ. ಒಂದೇ ಎಸ್‌ಒಪಿ ಎಲ್ಲ ಕಡೆ ನಡೆಯುತ್ತಾ? ಕನ್ಸಲ್ಟೆನ್ಸಿಗೆ ಹೋಗಬೇಕಾ?

ಉತ್ತರ (ಜರ್ಮನಿಯವರೇ):
ಎಸ್‌ಒಪಿಯಲ್ಲಿ ನಿಮ್ಮ ಕಥೆಯ ಭಾಗ ಒಂದೇ ಇರಲಿ, ‘ಇಲ್ಲೇ ಯಾಕೆ’ ಅನ್ನುವ ಭಾಗ ಪ್ರತಿ ಸಲ ಹೊಸದಾಗಿ ಬರೆಯಿರಿ. ಯೂನಿವರ್ಸಿಟಿಯ ಹೆಸರು ಬದಲಿಸಿದರೂ ಆ ಪ್ಯಾರಾ ಹಾಗೇ ಓದಿಸಿಕೊಂಡರೆ ಅದು ಸರಿಯಾಗಿಲ್ಲ ಅಂತಲೇ ಅರ್ಥ.

ಉತ್ತರ (ಅಮೆರಿಕದವರು):
ಕನ್ಸಲ್ಟೆನ್ಸಿ ಕಡ್ಡಾಯವೇನಲ್ಲ. ಹೋಗುವುದಾದರೆ ‘ನಿಮಗೆ ಕಮಿಷನ್ ಯಾವ ಯೂನಿವರ್ಸಿಟಿಗಳಿಂದ ಬರುತ್ತದೆ?’ ಅಂತ ಅವರನ್ನೇ ನೇರವಾಗಿ ಕೇಳಿ. ಎಷ್ಟೋ ಏಜೆಂಟರಿಗೆ ದುಡ್ಡು ಬರುವುದು ನೀವು ಸೇರಿಕೊಂಡ ಮೇಲೆ ಅಲ್ಲಿಂದ. ಅವರ ಪಟ್ಟಿಯಲ್ಲಿ ನೀವು ಕೇಳಿದ ಕೋರ್ಸ್ ಇಲ್ಲದೆ ಬೇರೆಯದೇ ಇದ್ದರೆ ಕಾರಣ ಇದೇ ಇರಬಹುದು. ಅರ್ಜಿಯನ್ನು ಅವರು ತುಂಬಿದರೂ ಇಮೇಲ್ ವಿಳಾಸ ನಿಮ್ಮದೇ ಕೊಡಿ, ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇರಲಿ. ಆಫರ್ ಬಂದಿದ್ದು, ಕಾಗದ ಕೇಳಿದ್ದು ಮೊದಲು ನಿಮಗೇ ಗೊತ್ತಾಗಬೇಕು, ಅಲ್ವಾ?