ಅಪ್‌ಡೇಟ್: ಎರಡೂ ಕಡೆ ಕಮಿಷನ್ ತಗೊಳ್ಳೋ ಬ್ರೋಕರ್ ಯಾರ ಪರ?

ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ. ಮೈಸೂರಿನ ಕುವೆಂಪುನಗರದಲ್ಲಿ ಹಳೇ ಮನೆ ನೋಡಿದ್ವಿ, ಬ್ರೋಕರ್ ನಮ್ಮಿಂದಲೂ ಮಾರುವವರಿಂದಲೂ ಕಮಿಷನ್ ಕೇಳ್ತಿದ್ದಾರೆ, ಅವರು ಯಾರ ಪರ ಅಂತ ಕೇಳಿದ್ದೆ.

ವಕೀಲರನ್ನ ಕಂಡೆ. 1872ರ ಕರಾರು ಕಾಯ್ದೆ, ಸೆಕ್ಷನ್ 182: ಏಜೆಂಟ್ ಅಂದ್ರೆ ಇನ್ನೊಬ್ಬರ ಪರವಾಗಿ ವ್ಯವಹರಿಸೋಕೆ ನೇಮಕವಾದವರು. ಇಬ್ಬರಿಗೂ ಗೊತ್ತಿದ್ದು ಒಪ್ಪಿದ್ರೆ ಎರಡೂ ಕಡೆ ತಗೋಬಹುದು, ಮುಚ್ಚಿಟ್ಟು ತಗೊಂಡ್ರೆ ತಕರಾರು ಅಂದ್ರು. ಬ್ರೋಕರ್ ಹತ್ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ನಂಬರ್ ಕೇಳಿ ಅಂತ ಹಲವರು ಬರೆದಿದ್ರಿ. ಆ ಕಾಯ್ದೆಯ ಸೆಕ್ಷನ್ 9ರ ಪ್ರಕಾರ ಬ್ರೋಕರ್‌ಗೆ ನೋಂದಣಿ ಬೇಕಾಗೋದು ರೇರಾದಲ್ಲಿ ನೋಂದಾಯಿಸಿದ ಪ್ರಾಜೆಕ್ಟ್‌ನಲ್ಲಿ ಬಿಲ್ಡರ್ ಮಾರೋವಾಗ. ನಮ್ಮಂಥ ರೀಸೇಲ್ ಮನೆಗಲ್ಲ.

ಆಮೇಲೆ ಬ್ರೋಕರನ್ನೇ ಕೂರಿಸಿಕೊಂಡು ನೇರವಾಗಿ ಕೇಳಿದೆ. "ಸಾರ್, ಮನೆ ಓನರ್ ನನಗೆ ಹಳೇ ಪರಿಚಯ, ರೇಟ್ ವಿಷಯದಲ್ಲಿ ನಾನು ನಿಮ್ಮ ಪರ ಮಾತಾಡೋಕಾಗಲ್ಲ" ಅಂದ್ರು. ಬಾಯಿಬಿಟ್ಟು ಹೇಳಿದ್ದು ನನಗೆ ನಿಜಕ್ಕೂ ಇಷ್ಟವಾಯ್ತು. ನಮ್ಮ ಬಜೆಟ್ ಮಾರುವವರಿಗೆ ತಿಳಿಸಬಾರದು, ಕಮಿಷನ್ ಕ್ರಯಪತ್ರ ನೋಂದಣಿಯಾದ ದಿನವೇ ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ವಿ. ಇಸಿ (ಆಸ್ತಿ ಮೇಲಿನ ಋಣಭಾರ ಪತ್ರ), ಖಾತಾ ನಾವೇ ತೆಗೆಸಿ ವಕೀಲರಿಗೆ ಕೊಟ್ಟಿದ್ದೀವಿ. ರೇಟ್ ಮಾತುಕತೆ ಈಗ ಓನರ್ ಜೊತೆ ನೇರವಾಗಿ ನಡೀತಿದೆ.