ದೊಡ್ಡ ಅಂಗಡಿಯಲ್ಲಿ ಸಾಮಾನು ಬೇಗ ಸಿಗೋ ಹಾಗೆ ಮಾಡುವುದು ಹೇಗೆ?

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದು ಎರಡು ಮಹಡಿಯ ಕಿರಾಣಿ ಅಂಗಡಿ. ಬೋರ್ಡ್ ಎಲ್ಲಾ ಇವೆ. ಆದರೂ ಪುಟಾಣಿ ಎಲ್ಲಿ, ಅವಲಕ್ಕಿ ಎಲ್ಲಿ ಅಂತ ಜನ ಕೇಳುತ್ತಲೇ ಇರುತ್ತಾರೆ. ವಯಸ್ಸಾದವರು ಸುತ್ತಿ ಸುತ್ತಿ ಸುಸ್ತಾಗುವುದು ನೋಡಿದರೆ ಬೇಜಾರಾಗುತ್ತೆ. ಏನು ಬದಲಿಸಲಿ?

ಉತ್ತರ: ಬೋರ್ಡ್ ರ‍್ಯಾಕಿಗೇ ಅಂಟಿಸಿದ್ದೀರಾ? ಹಾಗಿದ್ದರೆ ಸಾಲಿನೊಳಗೆ ಹೋದ ಮೇಲೇ ಕಾಣುತ್ತೆ. ನಡೆದು ಬರುವವರಿಗೆ ಎದುರಾಗಿ ಮೇಲಿಂದ ತೂಗುಹಾಕಿ, ಎರಡೂ ಬದಿ ಬರೆಸಿ. 'ಸ್ಟೇಪಲ್ಸ್' ಬೇಡ, 'ಅಕ್ಕಿ, ಬೇಳೆ, ಜೋಳದ ಹಿಟ್ಟು' ಅಂತ ದಪ್ಪ ಅಕ್ಷರದಲ್ಲಿ ಇರಲಿ. ನಮ್ಮೂರಲ್ಲಿ ತೆಲುಗಿನವರೂ ಜಾಸ್ತಿ ಅಲ್ವಾ, ಪಕ್ಕದಲ್ಲಿ ಚಿತ್ರ ಹಾಕಿ.

ಇನ್ನೊಬ್ಬರು: ಸುಮ್ನೆ ಜಾಗ ಬದಲಿಸಬೇಡಿ. ಹಳೇ ಗಿರಾಕಿಗಳ ಕಾಲಿಗೆ ದಾರಿ ಗೊತ್ತಿರುತ್ತೆ.

ಪ್ರಶ್ನೆ ಕೇಳಿದವರು: ಬೆಲ್ಲ ಸಕ್ಕರೆ ಪಕ್ಕ ಇಡಲಾ, ಶೇಂಗಾ ಪಕ್ಕ ಇಡಲಾ?

ಉತ್ತರ: ಎರಡೂ ಕಡೆ ಇಡಿ.