ಸಹಾಯ ಬೇಕು: ಕೆರೆಯ ದೋಣಿಯ ಮೋಟಾರಿಗೆ ಯಾವ ಪ್ರೊಪೆಲ್ಲರ್ ಸೂಕ್ತ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ನಮ್ಮ ಬಡಾವಣೆಯ ಕೆರೆಯಲ್ಲಿ ಕಳೆ ತೆಗೆಯುವ ದೋಣಿಗೆ, ಕರಾವಳಿಯಲ್ಲಿ ಓಡುತ್ತಿದ್ದ 25 ಎಚ್‌ಪಿ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ) ಮೋಟಾರನ್ನು 12 ಇಂಚು ಪಿಚ್‌ನ (ಒಂದು ಸುತ್ತಿಗೆ ಲೆಕ್ಕದ ಪ್ರಕಾರ ಮುಂದೆ ಸಾಗುವ ದೂರ) ಪ್ರೊಪೆಲ್ಲರ್ ಸಮೇತ ಕೊಂಡಿದ್ದೇವೆ. ಕೈಪಿಡಿಯ ಪ್ರಕಾರ ಪೂರ್ತಿ ಥ್ರಾಟಲ್‌ನಲ್ಲಿ ಅದು 5,000ದಿಂದ 6,000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳು) ತಲುಪಬೇಕು. ಆದರೆ ದೋಣಿಯಲ್ಲಿ ಹಸಿ ಕಳೆ ತುಂಬಿದಾಗ ಆರ್‌ಪಿಎಂ ಮೀಟರಿನ ಮುಳ್ಳು 4,600 ದಾಟದೆ ನಡುಗುತ್ತಾ ನಿಲ್ಲುತ್ತದೆ, ಎಂಜಿನ್ ಏದುಸಿರು ಬಿಡುತ್ತದೆ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ನಮ್ಮೂರಿನಲ್ಲಿ ಗಾಳಿ ತೆಳುವಾಗಿರುವುದರಿಂದ ಎಂಜಿನ್ನಿನ ಶಕ್ತಿಯೂ ತಗ್ಗುತ್ತದೆ; ಹೀಗೆ ಹೊರೆ ಹೊತ್ತೇ ಓಡಿದರೆ ಪಿಸ್ಟನ್, ಬೇರಿಂಗುಗಳು ಬೇಗ ಸವೆದಾವೆಂಬ ಆತಂಕ ನನ್ನದು. ಪಿಚ್ ಒಂದು ಇಂಚು ಇಳಿದರೆ ಸುಮಾರು 200 ಆರ್‌ಪಿಎಂ ಏರುತ್ತದೆಂಬ ಲೆಕ್ಕದಲ್ಲಿ 9 ಇಂಚಿನದು ಸರಿಯೆನಿಸುತ್ತದೆ. ಖಾಲಿ ದೋಣಿಯಲ್ಲಿ ಅದು ಮಿತಿಮೀರಿ ಸುತ್ತೀತೇ, ಅಥವಾ 10 ಇಂಚಿನದೇ ಸಾಕೇ? ಅನುಭವಿಗಳು ದಯವಿಟ್ಟು ತಿಳಿಸಿ.